ವಿದ್ಯಾಶ್ರೀ ಬಾರಕೇರಳ ಪದಪುಸ್ತಕ

ಗದಗ
ಇಸವಿ ೨೨೧೪, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ವಿದ್ಯಾಶ್ರೀ,

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಎಲ್ಲವೂ ಇಪ್ಪತ್ತೆಂಟು ದಿನದವು. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಪದ ಬಂದರೆ ಕ್ಷಮಿಸು. ನಿನ್ನನ್ನು ಏಕವಚನದಲ್ಲಿ ಕರೆಯುವುದು ಸರಿಯೋ ತಪ್ಪೋ ಎಂದು ತುಂಬ ಹೊತ್ತು ಯೋಚಿಸಿದೆ. ಲೆಕ್ಕದಲ್ಲಿ ನೀನು ನನಗಿಂತ ಎಷ್ಟೋ ತಲೆಮಾರು ಹಿರಿಯಳು. ಆದರೆ ನಿನ್ನ ಪುಸ್ತಕದಲ್ಲಿ ನಿನಗಿನ್ನೂ ಇಪ್ಪತ್ತೆರಡು, ನನಗೆ ಐವತ್ತೆಂಟು.

ನಾನು ನೀಲಾಂಬಿಕಾ ಹೂಗಾರ. ಕಪ್ಪತಗುಡ್ಡದ ಗಾಳಿಕೇಂದ್ರದಲ್ಲಿ ವಿದ್ಯುತ್ ತೆಗೆಯುವ ಗಾಳಿಯಂತ್ರದ ಕಂಬಗಳ ದುರಸ್ತಿ ನನ್ನ ಕೆಲಸ. ಇಲ್ಲಿ ಹನ್ನೆರಡು ದೇಶದವರಿದ್ದೇವೆ, ಒಂದು ದೇಶದವರ ಭಾಷೆ ಇನ್ನೊಂದು ದೇಶದವರಿಗೆ ಬರುವುದಿಲ್ಲ. ಎಲ್ಲರ ಕಿವಿಯಲ್ಲೂ ಕಡಲೆಕಾಳಿನಷ್ಟು ದೊಡ್ಡ ಕಿವಿಮಣಿ ಇರುತ್ತದೆ. ಎದುರಿನವರು ಏನೇ ಮಾತಾಡಲಿ, ಅದು ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತದೆ. ಸ್ಪ್ಯಾನರ್ ಕೊಡು, ಹಗ್ಗ ಬಿಗಿ ಮಾಡು ಎನ್ನಲು ಅಷ್ಟು ಸಾಕು. ಹೀಗಾಗಿ ನಿಮ್ಮ ಕಾಲದವರು ಹಗಲಿರುಳು ಬಾಯಿಪಾಠ ಮಾಡುತ್ತಿದ್ದ ಇಂಗ್ಲಿಷನ್ನು ನಮ್ಮಲ್ಲಿ ಯಾರೂ ಕಲಿಯುವುದಿಲ್ಲ.

ನನ್ನ ಜೊತೆ ಒಂಬತ್ತು ವರ್ಷ ಒಂದೇ ಕಂಬ ಹತ್ತಿದವಳು ಮೊರಾಗ್. ಉತ್ತರದ ಸಮುದ್ರದ ಒಂದು ದ್ವೀಪದವಳು, ಮಾತು ಇಂಗ್ಲಿಷ್. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದಾಗ ಅವಳು ತನ್ನ ತಂಗಿಯ ವಿಷಯ ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು. ನನ್ನ ಮಣಿ ಮಾತ್ರ "ನನಗೆ ದುಃಖವಾಗಿದೆ" ಎಂದು ಸುಮ್ಮನಾಯಿತು. ಅಷ್ಟು ಮಾತು ಎಲ್ಲಿ ಹೋಯಿತು? ಮಣಿ ಕಠಿಣ ಪದಗಳನ್ನೆಲ್ಲ ಹಿಂಡಿ ಸುಲಭ ಮಾಡಿಬಿಡುತ್ತದೆ ಎಂದು ಅವತ್ತು ನನಗೆ ಹೊಳೆಯಿತು. ಒಂಬತ್ತು ವರ್ಷದ ಗೆಳತಿಯ ಅರ್ಧ ಮಾತನ್ನೂ ನಾನು ಕೇಳಿರಲಿಲ್ಲ.

ಮರುವಾರ ಊರಿನ ಗ್ರಂಥಾಲಯದ ಹಳೇ ಕಾಗದದ ಕೋಣೆಯಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ ಹುಡುಕುವಾಗ ನಿನ್ನ ನೋಟ್‌ಬುಕ್ ಸಿಕ್ಕಿತು. ಹೆಸರು, ವಯಸ್ಸು, ಊರು, ೨೦೨೪, ಕೆಳಗೆ "ಪರೀಕ್ಷೆಗೆ ೧೨೦೦ ಕಠಿಣ ಪದಗಳು". ಪ್ರತಿ ಪದಕ್ಕೂ ಕನ್ನಡದಲ್ಲಿ ಅರ್ಥ, ಜೊತೆಗೆ ನಿನ್ನದೇ ಒಂದು ವಾಕ್ಯ. 'ಗ್ಯಾರುಲಸ್' ಎಂದರೆ ವಟವಟ ಮಾತಾಡುವವರು, ಬಸ್ಸಿನಲ್ಲಿ ನಿನ್ನ ಪಕ್ಕ ಕೂತವರ ಹಾಗೆ. 'ಫಾಸ್ಟಿಡಿಯಸ್' ಎಂದರೆ ಯಾವುದನ್ನೂ ಸುಲಭಕ್ಕೆ ಒಪ್ಪದವರು, ಉಪ್ಪಿಟ್ಟಿನಿಂದ ಕರಿಬೇವು ಆರಿಸಿಡುವ ನಿನ್ನ ಸೋದರಮಾವನ ಹಾಗೆ. ನಾನು ದಿನಕ್ಕೆ ನಾಲ್ಕು ಪದ ಕಲಿತೆ. ಕಂಬ ಹತ್ತುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಇಷ್ಟು ಖುಷಿಯಿಂದ ನಾನು ಶಾಲೆಯಲ್ಲಿಯೂ ಓದಿದವಳಲ್ಲ.

ಹೀಗೆ ಏಳು ತಿಂಗಳು ಕಳೆದಿತ್ತು. ನಾನು ಎರಡು ದಿನ ರಜೆ ಹಾಕಿ ಬಂದಾಗ ಮೊರಾಗ್‌ಳ ಪೆಟ್ಟಿಗೆ ಖಾಲಿ ಇತ್ತು. ಕೇಂದ್ರದ ಮುಖ್ಯಸ್ಥ ಇರ್ಫಾನ್ ಮುಲ್ಲಾನನ್ನು ಕೇಳಿದೆ.

"ನೀಲಕ್ಕಾ, ಆಕಿನ ಬಂದು ಹೇಳಿದ್ಲು, ರಾಜೀನಾಮೆ ಕೊಟ್ಟೀನಿ ಅಂತ. ಬ್ಯಾಡ ಅನ್ನಾಕ ನಾ ಯಾರು? ಬಿಡುಗಡೆ ಪತ್ರ ಕೊಟ್ಟೆ. ಮೂರರ ಗಾಡಿಗೆ ಹೊಂಟಾಳ."

"ಮಣಿ ಹೇಳಿದ್ದು ಬ್ಯಾಡಪಾ. ಆಕಿ ಬಾಯಾಗಿಂದ ಬಂದ ಮಾತು ಏನು?"

ಅವನು ತನ್ನ ಮಣಿಯಲ್ಲಿ ಉಳಿದಿದ್ದ ಧ್ವನಿ ದಾಖಲೆ ತೆಗೆದು ಕೇಳಿಸಿದ. ಮೊರಾಗ್‌ಳ ಸ್ವಂತ ದನಿ. ಅವಳ ಮೊಣಕಾಲು ಸವೆದಿತ್ತು. ಇನ್ನು ಕಂಬ ಹತ್ತಲು ಆಗುವುದಿಲ್ಲ, ಕೆಳಗೇ ಕೆಲಸ ಕೊಡಿ, "ಐ ಆ್ಯಮ್ ರಿಸೈನ್ಡ್ ಟು ಇಟ್" ಎಂದಿದ್ದಳು.

ಆ ಪದ ನಿನ್ನ ಎಂಬತ್ತೊಂದನೆಯ ಪುಟದಲ್ಲಿದೆ. "ರಿಸೈನ್ಡ್ ಟು: ಬೇರೆ ದಾರಿಯಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡು ಒಪ್ಪುವುದು. ಮನೆಯಲ್ಲಿ ಜಾಗವಿಲ್ಲ, ಅಡುಗೆಮನೆ ಹೊಸ್ತಿಲ ಮೇಲೆ ಓದುವುದಕ್ಕೆ ನಾನು ರಿಸೈನ್ಡ್." ಅದರ ಕೆಳಗೆ ಕೆಂಪು ಶಾಯಿಯಲ್ಲಿ, "ರಾಜೀನಾಮೆ ಅಂತ ಬರೆದು ಟೆಸ್ಟಿನಲ್ಲಿ ಒಂದು ಅಂಕ ಕಳಕೊಂಡೆ. ಮರೆಯಬಾರದು."

ಅವಳ ಅಷ್ಟೂ ಮಾತನ್ನು ರಾಜೀನಾಮೆ ಎಂದು ಹಿಂಡಿ, ನೀನು ಮಾಡಿದ ತಪ್ಪನ್ನೇ ಮಣಿಯೂ ಮಾಡಿತ್ತು. ನೀನು ತಿದ್ದಿಕೊಂಡೆ, ಅದು ತಿದ್ದಿಕೊಳ್ಳಲಿಲ್ಲ. ಅತ್ತ ಮೊರಾಗ್, ಕಾಲು ಕೆಟ್ಟಿತೆಂದು ತನ್ನನ್ನು ಹೊರಗೆ ಹಾಕಿದರೆಂದು ತಿಳಿದು, ಒಂದು ಮಾತೂ ಆಡದೆ ಪತ್ರ ತೆಗೆದುಕೊಂಡು ಹೋಗಿದ್ದಳು.

ಇರ್ಫಾನ್ ಗಾಡಿ ತೆಗೆದ. ನಿಲ್ದಾಣ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಮೊರಾಗ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ನಾನು ಮಣಿ ಕಿತ್ತು ಜೇಬಿಗೆ ಹಾಕಿಕೊಂಡೆ. ಅವಳ ಕಿವಿಗೆ ಕೈ ತೋರಿಸಿದೆ, ಅವಳೂ ತೆಗೆದಳು. ಏಳು ತಿಂಗಳು ಕಂಬದ ಮೇಲೆ ಹೇಳಿಕೊಂಡ ಪದಗಳೆಲ್ಲ ಆ ಕ್ಷಣದಲ್ಲಿ ಮರೆತುಹೋದವು. ಬಾಯಿಗೆ ಬಂದದ್ದು ಇಷ್ಟೇ.

"ನಾಟ್ ರಿಸೈನ್ಡ್, ಮೊರಾಗ್. ರಿಸೈನ್ಡ್ ಟು."

ಅವಳು ನನ್ನ ಬಾಯನ್ನೇ ನೋಡುತ್ತ ಕೂತಳು. ಆಮೇಲೆ ಇರ್ಫಾನನ ಕಡೆ, ತನ್ನ ಕೈಯಲ್ಲಿದ್ದ ಪತ್ರದ ಕಡೆ ನೋಡಿದಳು. ಏನಾಗಿದೆ ಎಂದು ಅವಳಿಗೆ ಅರ್ಥವಾದದ್ದು ನನಗೆ ಕಂಡಿತು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡಳು. ಯಾರು ಕಲಿಸಿದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟು ನನಗೆ ತಿಳಿಯಿತು. ನಾನು ನಿನ್ನ ಹೆಸರು ಹೇಳಿದೆ.

ಇರ್ಫಾನ್ ತಲೆ ತಗ್ಗಿಸಿ, "ತಪ್ಪಾತ್ರಿ ಮೊರಾಗ್ ಅಕ್ಕಾ, ಮನಿಗೆ ನಡೀರಿ" ಎಂದ. ಮಣಿಯಿಲ್ಲದಿದ್ದರೂ ಅದು ಅವಳಿಗೆ ಮುಟ್ಟಿತು. ಮೂರರ ಗಾಡಿ ಅವಳನ್ನು ಬಿಟ್ಟು ಹೋಯಿತು.

ಈಗ ಮೊರಾಗ್ ಕೆಳಗಿನ ಕಾರ್ಯಾಗಾರ ನೋಡಿಕೊಳ್ಳುತ್ತಾಳೆ. ಗುರುವಾರ ಸಂಜೆ ನಾವು ಎಂಟು ಜನ ಮಣಿಗಳನ್ನು ಒಂದು ಬಟ್ಟಲಿಗೆ ಹಾಕಿ ಸುತ್ತ ಕೂರುತ್ತೇವೆ. ಅವಳು ನಿನ್ನ ಪದಗಳನ್ನು ಓದಿಸುತ್ತಾಳೆ, ನಾವು ಅವಳಿಗೆ ಕನ್ನಡ ಹೇಳಿಕೊಡುತ್ತೇವೆ. ತಂಗಿಯ ಕಥೆಯನ್ನು ಕಳೆದ ವಾರ ಪೂರ್ತಿ ಹೇಳಿದಳು. ಅದಕ್ಕೆ ಮಣಿ ಹೇಳಿದ ಆ ಒಂದು ಮಾತು ಎಲ್ಲಿಗೂ ಸಾಲುತ್ತಿರಲಿಲ್ಲ.

ನೀನು ಪರೀಕ್ಷೆಯಲ್ಲಿ ಪಾಸಾದೆಯೋ ಇಲ್ಲವೋ ನನಗೆ ತಿಳಿಯದು. ನಿನ್ನ ಪುಸ್ತಕ ಎಂಟುನೂರ ಆರನೆಯ ಪದಕ್ಕೆ ನಿಂತಿದೆ. ಮದುವೆಯಾಯಿತೋ, ಕೆಲಸ ಸಿಕ್ಕಿತೋ, ಬೇಸರವಾಯಿತೋ. ಈ ಕಾಗದ ನಿನಗೆ ತಲುಪುವ ದಾರಿಯಿಲ್ಲವೆಂದು ಗೊತ್ತಿದ್ದೂ ಒಂದು ಮಾತು ಕೇಳಿಕೊಳ್ಳುತ್ತೇನೆ. ಇದೆಲ್ಲ ಯಾತಕ್ಕೆ ಎನಿಸಿ ಪುಸ್ತಕ ಮುಚ್ಚುವ ಸಂಜೆ ಬಂದರೆ, ಇನ್ನೊಂದೇ ಒಂದು ಪದ ಬರೆದು ಮುಚ್ಚು. ನಿನ್ನದೇ ವಾಕ್ಯವಿರಲಿ. ಅದು ಯಾರಿಗೆ ಬೇಕಾಗುತ್ತದೆಯೋ, ಅವರಿನ್ನೂ ಹುಟ್ಟಿಲ್ಲ.

ನಿನ್ನ ವಿದ್ಯಾರ್ಥಿನಿ,
ನೀಲಾಂಬಿಕಾ