ಕ್ರಷರ್ ಹೊಂಡದ ಗಂಗಮ್ಮ

ಮಾರ್ಚ್ 2, ಭಾನುವಾರ

ಡೈವಿಂಗ್ ಮಾಸ್ಕ್‌ನ ಗಾಜಿಗೆ ಮತ್ತೆ ಮಂಜು. ಉಗುಳಿ ಒರೆಸಿದರೂ ಅಷ್ಟೇ. ಓಬಳೇಶ ಫೈರ್ ಸ್ಟೇಷನ್ನಿನಲ್ಲಿ ಸಿಲಿಂಡರ್‌ಗೆ ಗಾಳಿ ತುಂಬಿಸಿ ತಂದಿದ್ದ. ಹಳೆಯ ಸ್ಟೂಡೆಂಟು, ಈಗ ಅಲ್ಲೇ ನೌಕರಿ. ದಡದಲ್ಲಿ ಹಗ್ಗ ಹಿಡಿದು ಕೂರುವವನೂ ಅವನೇ, ಬೈಯುವವನೂ ಅವನೇ. "ಕುರುಗೋಡಿನ ಕಲ್ಲು ಕ್ವಾರಿಯಾಗ ಸ್ಕೂಬಾ ಮಾಡಾಕ ನಿಮಗ ತಲಿ ನೆಟ್ಟಗೈತೇನ್ರಿ ಮೇಡಂ?"

ಇಳಿದೆ. ಸೆಲೆ ಒಡೆದು ನೀರು ನುಗ್ಗಿದ ವರ್ಷ ಬಿಟ್ಟುಹೋದ ಕ್ರಷರ್ ತಳದಲ್ಲಿ ಹಾಗೇ ನಿಂತಿದೆ. ಕಲ್ಲು ಪುಡಿ ಮಾಡುತ್ತಿದ್ದ ದವಡೆಯೊಳಗೆ ಕೊರಮೀನು ಮರಿ ಹಾಕಿದೆ. ಬೆಲ್ಟಿನ ರೋಲರ್‌ಗಳ ಮೇಲೆಲ್ಲ ಜೀವಂತ ಹಸಿರು ಸ್ಪಂಜು. ಅದರ ಮೇಲೆ... ಇದ್ದವು! ಜೆಲ್ಲಿ ಮೀನುಗಳು. ಎಂಟಾಣೆಯಷ್ಟಗಲ. ಸಿಹಿನೀರಲ್ಲಿ, ಈ ಬಳ್ಳಾರಿ ಬಿಸಿಲಲ್ಲಿ! ಮುದುಡಿ ಅರಳಿ, ಮುದುಡಿ ಅರಳಿ... ಮಾಸ್ಕ್ ಒಳಗೇ ಅತ್ತುಬಿಟ್ಟೆ.

ಫೋಟೊ ಕಳಿಸಿದ್ದೆ, ಜೆಲ್ಲಿ ಮೀನು ಬಲ್ಲ ಕೊಚ್ಚಿಯ ಪ್ರೊಫೆಸರ್ ಏಪ್ರಿಲ್‌ನಲ್ಲಿ ಬರುತ್ತಾರಂತೆ. ಅವರು ಕಣ್ಣಾರೆ ಕಂಡು ಹೌದು ಅಂದರೆ ಹೊಂಡ ಉಳಿಸಿ ಎಂದು ಸರ್ಕಾರವನ್ನು ಕೇಳಬಹುದು. ಗೆಸ್ಟ್ ಲೆಕ್ಚರರ್ ಆಗಿ ಸಿರುಗುಪ್ಪ ಬಸ್ಸು ಹತ್ತಿ ಇಳಿದೇ ಸವೆದ ಬಾಳು ಇದು. ನನ್ನದು ಅಂತ ಇರುವುದು ಈ ಹೊಂಡವೊಂದೇ.

ಮಾರ್ಚ್ 12, ಬುಧವಾರ

ವಾಚ್‌ಮನ್ ಜಡೆಪ್ಪನ ಫೋನು. "ಲೀಸ್ ಮತ್ತ ಕೊಟ್ಟಾರಂತ್ರಿ ಮೇಡಂ. ಪಂಪ್‌ಸೆಟ್ ಬಂದು ನಿಂತಾವು. ನೀರು ಪೂರಾ ಹೊರಗ ಹಾಕ್ತಾರ."

ಕ್ಲಾಸ್ ಬಿಟ್ಟು ಬಳ್ಳಾರಿಯ ಗಣಿ ಇಲಾಖೆ ಆಫೀಸಿಗೆ ಓಡಿದೆ. ಸಾಹೇಬರು ಫೋಟೊ ನೋಡಿ ನಕ್ಕರು. "ಮೀನಿನ ಸಲುವಾಗಿ ಕ್ವಾರಿ ನಿಲ್ಸಾಕ ಬರ್ತೈತೇನ್ರಿ?" ಪಕ್ಕದವನೂ ನಕ್ಕ. ಥೂ.

ಮಾರ್ಚ್ 16, ಭಾನುವಾರ

ಹೊಂಡದ ದಡದಲ್ಲಿ ಕೂತು ಅಳುತ್ತಿದ್ದೆ, ಸುಳ್ಳೇಕೆ. ಜಡೆಪ್ಪನ ಹೆಂಡತಿ ಪಾರಮ್ಮ ಚಹಾ ತಂದಳು. "ತಳದಾಗ ಏನೈತವ್ವ, ಹಿಂಗ ಜೀವ ಬಿಡ್ತೀಯಲ್ಲ?"

"ಎಷ್ಟೊಂದು ಜೀವ ಅದಾವ ಪಾರಮ್ಮ. ತಾಯಿ ಉಡಿಯಾಗ ಇದ್ದಂಗ ಅದಾವ" ಅಂದೆ.

ಅವಳು ಸೆರಗು ತಲೆಗೆಳೆದುಕೊಂಡು ನೀರಿಗೆ ಕೈಮುಗಿದಳು.

ಮಾರ್ಚ್ 19, ಬುಧವಾರ

ಊರೆಲ್ಲ ಅದೇ ಮಾತು. ಕ್ರಷರ್ ಹೊಂಡದಲ್ಲಿ ಗಂಗಮ್ಮ ನೆಲೆಸಿದ್ದಾಳೆ, ಮೇಡಂ ಕಣ್ಣಿಂದ ಕಂಡಿದ್ದಾರೆ. ಹೆಂಗಸರು ಕುಂಕುಮದ ತಟ್ಟೆ ಹಿಡಿದು ಪಂಪ್‌ಸೆಟ್ ಮುಂದೆ ಕೂತುಬಿಟ್ಟರು. ಮಧ್ಯಾಹ್ನಕ್ಕೆ ಪಂಪ್ ಹೇರಿಕೊಂಡು ಲಾರಿ ವಾಪಸ್!

"ಇದು ಸುಳ್ಳಲ್ಲೇನ್ರಿ ಮೇಡಂ?" ಅಂದ ಓಬಳೇಶ.

"ಸುಮ್ನಿರಲೇ. ನಾನೇನರ ಹೇಳೀನಾ? ಅವರ ಅಂದ್ಕೊಂಡಾರ."

ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 24, ಸೋಮವಾರ

ಕಾಲೇಜಿನಲ್ಲಿ ಇಂಟರ್ನಲ್ಸ್ ಪರೀಕ್ಷೆ. ಹೊಂಡಕ್ಕೆ ಹೋಗಲಾಗಿಲ್ಲ. ಪ್ರೊಫೆಸರ್ ಫೋನಿನಲ್ಲಿ ಗದರಿದರು, ಒಂದು ಸ್ಯಾಂಪಲ್ ಆದರೂ ಹಿಡಿದು ಇಡಬಾರದೇ ಅಂತ. ಪ್ರತಿಸಲ ಬಾಟಲಿ ಒಯ್ಯುತ್ತೇನೆ. ಕೊಲ್ಲಲು ಕೈ ಬರುವುದಿಲ್ಲ. ಬಂದು ನೀವೇ ನೋಡಿ ಸರ್, ಅಂದೆ.

ಮಾರ್ಚ್ 30, ಯುಗಾದಿ



ಬೇವು-ಬೆಲ್ಲ ಕಟ್ಟಿಕೊಂಡು ಹೋದೆ. ದಡದ ಬಂಡೆಗಳೆಲ್ಲ ಸುಣ್ಣ ಬಳಿದು ಬೆಳ್ಳಗೆ. ಕೆಮ್ಮಣ್ಣಿನ ಪಟ್ಟೆ, ಮಾವಿನ ತೋರಣ. ನೀರು ಗಾಜಿನಂತೆ ತಿಳಿ. ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ವಾಸನೆ ಬಡಿಯಿತು. ಅಂಚಿನ ತುಂಬ ಬೆಳ್ಳನೆಯ ಹೊಟ್ಟೆಗಳು. ಮೀನು.

ಪಾರಮ್ಮ ನಗುನಗುತ್ತಾ ಓಡಿಬಂದಳು. "ಅಮಾಸಿ ದಿನ ಸುಣ್ಣ ಬಿಟ್ಟೀವವ್ವ. ಹಬ್ಬಕ್ಕ ಕುಡಿಯೋ ಬಾವಿಗಿ ಬಿಡ್ತೀವಲ್ಲ, ಹಂಗ. ಮನಿಗೊಂದು ಪುಟ್ಟಿ ಸುಣ್ಣ ಕೊಟ್ರು, ಟ್ರ್ಯಾಕ್ಟರ್ ಟ್ರಾಲಿ ತುಂಬ ಆತು. ಕೊಚ್ಚಿಯಿಂದ ನಿಮ್ಮ ಪ್ರೊಫೆಸರ್ ಸಾಹೇಬ್ರು ಬರ್ತಾರಂತ, ಗಂಗಮ್ಮನ ನೀರು ರಾಡಿ ಇದ್ರ ಚೆಂದ ಕಾಣತೈತೇನು?"

"ಮೀನು, ಪಾರಮ್ಮ..."

"ಮೈಲಿಗಿ ಎಲ್ಲ ಹೊರಗ ಹಾಕ್ಯಾಳ ತಾಯಿ."

ಅಯ್ಯೋ ಶಿವನೇ. ಯಾರನ್ನು ಬೈಯಲಿ? ಹೋಳಿಗೆ ಕೊಟ್ಟಳು. ತಿಂದೆ.

ಏಪ್ರಿಲ್ 3, ಗುರುವಾರ

ಓಬಳೇಶ ಇಳಿಯಲು ಬಿಡಲೊಲ್ಲ. "ಸುಣ್ಣದ ನೀರು, ಕಣ್ಣು ಹೋಗ್ತಾವ ಮೇಡಂ." ಜಗಳಾಡಿ ಇಳಿದೆ.

ಕ್ರಷರನ್ನು ಇಡಿಯಾಗಿ ಕಂಡಿದ್ದು ಇದೇ ಮೊದಲು. ಈ ತುದಿಯಿಂದ ಆ ತುದಿ, ಎಲ್ಲದರ ಮೇಲೂ ಬಿಳಿ ಪುಡಿ. ಸ್ಪಂಜು ಮುಟ್ಟಿದರೆ ಉದುರಿತು. ದವಡೆಯೊಳಗೆ ಕೊರಮೀನು ಮರಿಗಳ ಜೊತೆಗೇ ಸತ್ತಿದೆ. ಜೆಲ್ಲಿ ಮೀನು ಒಂದೂ ಇಲ್ಲ. ಸತ್ತದ್ದೂ ಇಲ್ಲ. ಕರಗಿಹೋದವು.

ಅವುಗಳ ಬೀಜದಂಥ ಮರಿಗಳು ಕಬ್ಬಿಣಕ್ಕೆ ಅಂಟಿಕೊಂಡಿರುತ್ತವೆ. ಕೆರೆದು ತಂದೆ. ಕಾಲೇಜಿನ ಮೈಕ್ರೊಸ್ಕೋಪಿನಲ್ಲಿ ಸಂಜೆವರೆಗೂ ನೋಡಿದೆ. ಏನೂ ಅಲುಗಲಿಲ್ಲ.

ಪ್ರೊಫೆಸರ್‌ಗೆ ಬರಬೇಡಿ ಎಂದು ಮೆಸೇಜ್ ಹಾಕಿದೆ. ಮಸುಕು ಫೋಟೊ ಬಿಟ್ಟರೆ ಒಂದು ಬಾಟಲಿಯೂ ಇಲ್ಲ ನನ್ನ ಹತ್ತಿರ. ಈಗ ಅವು ಇದ್ದವು ಅಂದರೆ ಯಾರು ನಂಬುತ್ತಾರೆ?

ಏಪ್ರಿಲ್ 12, ಶನಿವಾರ

ಪಂಪ್‌ಸೆಟ್ ಮತ್ತೆ ಬಂದಿವೆ. ಈ ಸಲ ಯಾರೂ ಅಡ್ಡ ಕೂರಲಿಲ್ಲ. ಲೀಸ್‌ನವರು ದಡದ ಮೇಲೆ ಗಂಗಮ್ಮನಿಗೆ ಗುಡಿ ಕಟ್ಟಿಸಿ ಕೊಡುತ್ತಾರಂತೆ. ಊರವರು ಒಪ್ಪಿದ್ದಾರೆ. ಜಡೆಪ್ಪನೇ ಮನೆತನಕ ಬಂದಿದ್ದ, ಬಳ್ಳಾರಿಯ ಗಾಂಧಿನಗರ ಹುಡುಕಿಕೊಂಡು.

"ನೀರು ತಗಿಯೋಕ್ಕಿಂತ ಮದ್ಲ ತಾಯಿನ್ನ ಮ್ಯಾಲ ತರಬೇಕ್ರಿ. ಆಕಿನ್ನ ಕಂಡೋರು ನೀವೊಬ್ರ. ಇಲ್ಲನಬ್ಯಾಡ್ರಿ."

ನಾಳೆ ಎಷ್ಟು ಹೊತ್ತಿಗೆ ಬರಲಿ, ಅಂದೆ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ, ಹೊಂಡದ ದಡ

ಡೊಳ್ಳು ಬಂದಿದೆ. ಪಾರಮ್ಮ ಹಸಿರು ಸೀರೆ, ಉಡಿಯಕ್ಕಿ ಹಿಡಿದು ನೀರಿನ ಅಂಚಿಗೇ ನಿಂತಿದ್ದಾಳೆ. ನನ್ನ ಕಾಲಿಗೂ ನೀರು ಹಾಕಿದಳು. ಓಬಳೇಶ ಮುಖ ಕೊಡುತ್ತಿಲ್ಲ, ಸಿಲಿಂಡರ್ ಬೆಲ್ಟ್ ಬಿಗಿಯುತ್ತಿದ್ದಾನೆ. ತಳದಲ್ಲಿ ಇರುವುದು ಜಲ್ಲಿಕಲ್ಲು, ಸುಣ್ಣ. ಅದರಲ್ಲಿ ಯಾವುದನ್ನು ಎತ್ತಿ ಪಾರಮ್ಮನ ಉಡಿಗೆ ಹಾಕಿ, ಇವಳೇ ಗಂಗಮ್ಮ ಅಂತ ಹೇಳಲಿ?