ಲಕೋಟೆಯ ಹಿಂಬದಿ

ವಿದ್ಯಾರ್ಥಿವೇತನ ವಿಭಾಗದ ಮೇಡಂ ಅವರಿಗೆ ನಮಸ್ಕಾರಗಳು.

ಯುದ್ಧಕ್ಕೆ ಹೆದರಿ ದೇಶ ಬಿಟ್ಟು ಬಂದ ನನಗೆ ಓದು, ಹಾಸ್ಟೆಲ್ ಎರಡನ್ನೂ ಕೊಟ್ಟವರು ನೀವು. ಆದರೂ ನಿನ್ನೆ, "ಮನೆಗೆ ಕಳಿಸಿದ ಅಂಕಪಟ್ಟಿ ಎರಡು ಸಲ ವಾಪಸ್ ಬಂತಲ್ಲಮ್ಮ, ಬೇರೆ ವಿಳಾಸ ಬರ್ಕೊಡು" ಎಂದು ನೀವು ಕೊಟ್ಟ ಫಾರಂ ಅನ್ನು ಖಾಲಿಯಾಗಿಯೇ ಹಿಂತಿರುಗಿಸುತ್ತಿದ್ದೇನೆ. ಬೇಜಾರಾಗಬೇಡಿ.

ಫಾರಂ ಜೊತೆ ನೀವು ಕೊಟ್ಟ, ವಾಪಸ್ ಬಂದ ಆ ಲಕೋಟೆಗಳ ಹಿಂದೆ ಪೆನ್ಸಿಲಿನಲ್ಲಿ ಬರೆದವರು ಊರಿನಲ್ಲಿ ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಮಾಮ. ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. "ಮೊದಲು ನಿಮ್ ನಾಯಿ ಕಟ್ಟಿಹಾಕಿ, ಆಮೇಲೆ ಕಾಗದ!" ಎಂದು ದಿನಾ ಗೇಟಿನಾಚೆಯಿಂದಲೇ ಅಮ್ಮನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವರು.

ಮೊದಲನೆಯದರಲ್ಲಿ, "ಮನೆಗೆ ಬೀಗ ಹಾಕಿದೆ" ಎಂದಷ್ಟೇ ಇತ್ತು. ಎರಡನೆಯದರಲ್ಲಿ, "ಮನೆ ಬಿದ್ದಿದೆ. ಅಮ್ಮನ್ನ ಎಲ್ಲಾ ಕಡೆ ಹುಡುಕಿದೆ, ಸಿಗಲಿಲ್ಲ ಮಗಳೇ. ನಾಯಿ ನನ್ನ ಹತ್ರ ಇದೆ."

ಮಾಮನ ಮನೆ ಎಲ್ಲಿ ಎಂದು ನಾವು ಯಾವತ್ತೂ ಕೇಳಿರಲಿಲ್ಲ. ದೇಶ ಬಿಟ್ಟು ಬಂದ ನಾವು ಬರೆಯುವ ಕಾಗದಗಳನ್ನು ಗಡಿಯಲ್ಲೇ ತಡೆಯುತ್ತಾರೆ. ನಿಮ್ಮ ಮೊಹರಿನ ಲಕೋಟೆ ಮಾತ್ರ ದಾಟುತ್ತದೆ.

ಆದ್ದರಿಂದ ಹಳೆಯ ವಿಳಾಸವೇ ಇರಲಿ. ಪರೀಕ್ಷೆ ಮುಗಿಯುವವರೆಗೆ ಕಾಯಬೇಡಿ, ಒಳಗೆ ಏನೂ ಇಲ್ಲದಿದ್ದರೂ ಒಂದು ಲಕೋಟೆ ಕಳಿಸಿಬಿಡಿ. ದೊಡ್ಡದೇ ಇರಲಿ. ಹಿಂಬದಿಗೆ ಮಾತ್ರ ನಿಮ್ಮ ಮೊಹರು ಒತ್ತಬೇಡಿ.

ಇಂತಿ,
ಹಾಸ್ಟೆಲಿನ ಮೂರನೇ ಮಹಡಿ, ಕೊನೆಯ ಕೋಣೆಯ ವಿದ್ಯಾರ್ಥಿನಿ