ಮೇಸ್ತ್ರಿ ಕೈಯಿಟ್ಟ ಮೇಲೆ

ಸಕ್ಕರೆ ಗಿರಣಿಯ ವಠಾರ,
ಪೂರ್ವ ಜಾವಾ.
೧೧ ಮೇ ೧೯೮೪

ಮಗನೇ ಸುಮಾರ್ಜಿ,

ಹೇಗಿದ್ದೀಯ? ಜೈಲಿನಲ್ಲಿ ನಿನಗೆ ಕೆಮ್ಮು ಹತ್ತಿಕೊಂಡಿದೆಯೆಂದು ಅಮ್ಮ ಹೇಳಿದಳು. ಅವಳು ಕೊಟ್ಟುಬಂದ ಕರಿದ ಸೋಯಾ ತೆಂಪೆ ನಿನ್ನ ಬಾಯಿಗೆ ಬಿತ್ತೋ, ಕಾವಲಿನವರ ಬಾಯಿಗೆ ಬಿತ್ತೋ? ಎರಡು ವರ್ಷ ನಾನು ಒಂದು ಸಾಲೂ ಬರೆಯಲಿಲ್ಲ. ಗಿರಣಿಯಲ್ಲಿ ನಮ್ಮ ಜೊತೆಗಾರ ಪೈಮಿನ್ ಸತ್ತ ಕೇಸಿನಲ್ಲಿ ನಿನಗೆ ಶಿಕ್ಷೆಯಾದ ದಿನ ಇಡೀ ವಠಾರದ ಎದುರು ‘ಕೆಲಸಗೇಡಿ, ಇವನು ನನ್ನ ಮಗನೇ ಅಲ್ಲ’ ಎಂದವನು ನಾನು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬರೆಯಲಾರೆ.

ಕಬ್ಬು ಅರೆಯುವ ಕಾಲ ಬಂತು. ನಮ್ಮ ಮುದುಕಿಗೆ, ಡಚ್ಚರು ತಂದು ನಿಲ್ಲಿಸಿದ ಆ ಹಬೆ ಯಂತ್ರಕ್ಕೆ, ದೊಡ್ಡ ಚಕ್ರದ ಶಾಫ್ಟು ಕೂರುವ ಬೇರಿಂಗನ್ನು ಹೊಸದಾಗಿ ಎರಕ ಹೊಯ್ದು ಹನ್ನೊಂದು ದಿನ ಕೂತು ಹೆರೆದೆ. ನಿನಗೆ ನಾನು ಹೇಳಬೇಕೇ? ಶಾಫ್ಟಿಗೆ ನೀಲಿ ಬಣ್ಣ ಸವರಿ, ಒಂದು ಸುತ್ತು ತಿರುಗಿಸಿ, ಬೇರಿಂಗಿನಲ್ಲಿ ನೀಲಿ ಅಂಟಿದ ಉಬ್ಬನ್ನಷ್ಟೇ ಉಳಿಯಿಂದ ತೆಗೆಯುವುದು. ತೆಗೆದ ಪುಡಿ ಊದಿದರೆ ಹಾರಬೇಕು. ಅಷ್ಟು ದೊಡ್ಡ ಚಕ್ರ ಕೂದಲೆಳೆಯಷ್ಟು ಎಣ್ಣೆಯ ಮೇಲೆ ತೇಲುತ್ತದಲ್ಲ, ಅದನ್ನು ಕಟ್ಟಿದ ಪುಣ್ಯಾತ್ಮರಿಗೆ ಪ್ರತಿ ವರ್ಷ ಮುಚ್ಚಳ ಬಿಚ್ಚಿದಾಗ ಮನಸ್ಸಿನಲ್ಲೇ ನಮಸ್ಕಾರ ಹಾಕುತ್ತೇನೆ. ಹೊಸ ಇಂಜಿನಿಯರ್ ಬೇರಿಂಗಿನ ಬಿಸಿ ಅಳೆಯಲು ಥರ್ಮಾಮೀಟರ್ ತಂದಿದ್ದ. ‘ನನ್ನ ಕೈಗಿಂತ ನಿಮ್ಮ ಗಾಜಿನ ಕಡ್ಡಿ ಹೆಚ್ಚೇನ್ರೀ?’ ಎಂದು ಅದನ್ನು ಪೆಟ್ಟಿಗೆ ಸೇರಿಸಿದೆ.

ಸೋಮವಾರ ಯಂತ್ರವನ್ನು ನಿಧಾನ ಓಡಿಸಿ, ಬೇರಿಂಗಿನ ಮುಚ್ಚಳದ ಮೇಲೆ ಅಂಗೈಯಿಟ್ಟು ಹತ್ತು ಎಣಿಸಿದೆ. ‘ತಣ್ಣಗಿದೆ, ಪೂರ್ತಿ ಹಬೆ ಬಿಡ್ರೋ’ ಎಂದೆ. ಮೇಸ್ತ್ರಿ ಕೈಯಿಟ್ಟ ಮೇಲೆ ಇನ್ನೊಬ್ಬ ಕೈಯಿಟ್ಟರೆ ಮೇಸ್ತ್ರಿಯ ಮುಖಕ್ಕೆ ಹೊಡೆದ ಹಾಗೆ. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ಎಣ್ಣೆ ಹಾಕುವ ರೆಬೊ ಮಾತ್ರ, ‘ಮೇಸ್ತ್ರೀ, ಎಣ್ಣೆ ಹೊಗೆಯಾಡ್ತಿದೆ, ಕೈ ತೆಗೀರಿ! ಮರದ ಕೈಯೇನ್ರೀ ನಿಮ್ದು?’ ಎಂದು ನನ್ನನ್ನು ಎಳೆದುಹಾಕಿದ. ಅಂಗೈ ತುಂಬ ಬೊಬ್ಬೆ. ನನಗೆ ಏನೂ ಗೊತ್ತಾಗಿರಲಿಲ್ಲ. ಸಕ್ಕರೆ ಕಾಯಿಲೆ, ನರ ಸತ್ತು ಮೂರು ನಾಲ್ಕು ವರ್ಷವೇ ಆಗಿರಬೇಕು ಎಂದರು ವೈದ್ಯರು. ‘ಗಿರಣಿ ಕೊಟ್ಟ ಬೋನಸ್ಸು ಮೇಸ್ತ್ರೀ’ ಎಂದು ರೆಬೊ ನಗಿಸಲು ನೋಡಿದ. ಬಟ್ಟೆ ಸುತ್ತಿದ ಕೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಮೂರು ನಾಲ್ಕು ವರ್ಷ ಎಂದಾಗಲೇ ನಾನು ಹಿಂದಕ್ಕೆ ಎಣಿಸಿದೆ. ಎರಡು ವರ್ಷದ ಹಿಂದೆ ಅದೇ ಜಾಗದ ಬೇರಿಂಗನ್ನು ಹೆರೆದವನು ನಾನು, ಕೈಯಿಟ್ಟು ‘ತಣ್ಣಗಿದೆ’ ಎಂದವನೂ ನಾನೇ. ಗಂಟೆಯೊಳಗೆ ಎರಕದ ಲೋಹ ಕಾದು ಕರಗಿ, ಮುಚ್ಚಳ ಸಿಡಿದು, ಪೈಮಿನ್‌ನ ಎದೆಗೆ ಬಡಿಯಿತು. ನೀನು ಕೋರ್ಟಿನಲ್ಲಿ ‘ಅಪ್ಪ ಆಚೆ ಹೋದ್ಮೇಲೆ ನಾನೇ ಬೋಲ್ಟು ಅತಿಯಾಗಿ ಬಿಗಿ ಮಾಡ್ಬಿಟ್ಟೆ ಸ್ವಾಮಿ’ ಎಂದೆ. ನಾನು ನಂಬಿದೆ. ನಂಬುವುದು ನನಗೆ ಸುಲಭವಾಗಿತ್ತು. ಅವತ್ತು ನೀನು ‘ಅಪ್ಪಾ, ನಾನೂ ಒಂದ್ಸಲ ಮುಟ್ಟಿ ನೋಡ್ಲಾ?’ ಎಂದು ಕೇಳಿದ್ದೆ; ನಾನು ಕಣ್ಣು ಕೆಂಪಗೆ ಮಾಡಿದ್ದೆ. ನನ್ನ ಕೈ ಸತ್ತದ್ದು ನಿನಗೆ ಗೊತ್ತಿತ್ತು, ಅಲ್ಲವೇ? ಅಮ್ಮನಿಗೂ ಅನುಮಾನವಿತ್ತಂತೆ, ಕುದಿಯುವ ಕಾಫಿ ಲೋಟವನ್ನು ನಾನು ಬರಿಗೈಯಲ್ಲಿ ಹಿಡಿಯುವುದನ್ನು ನೋಡಿ. ನನಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅಂಥ ಅಪ್ಪ ನಾನು. ನಾಚಿಕೆಯಾಗುತ್ತದೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಹರಸುವ ಯೋಗ್ಯತೆ ನನಗಿಲ್ಲ, ದೇವರೇ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಕಾರ್ತೊ

ಮರೆಯುವ ಮುಂಚೆ: ಅಂಚೆಗೆ ಹಾಕಲು ರೆಬೊ ಬಾಗಿಲಲ್ಲಿ ನಿಂತಿದ್ದಾನೆ. ಬೆಳಿಗ್ಗೆ ಪೈಮಿನ್‌ನ ಹೆಂಡತಿ ಲಸಿನಾಳ ಮನೆಗೆ ಹೋಗಿ ಎಲ್ಲ ಹೇಳಿದೆ. ‘ಎರಡು ವರ್ಷ ನಿಮ್ ಮಗನ್ನ ಶಪಿಸ್ದೆ ಮಾವಾ. ಅದನ್ನೆಲ್ಲ ಈಗ ಹೆಂಗೆ ವಾಪಸ್ ತಗೊಳ್ಲಿ?’ ಎಂದು ಅತ್ತಳು. ಈಗ ಪೊಲೀಸ್ ಠಾಣೆಗೆ ಹೊರಟಿದ್ದೇನೆ. ಅವರು ಬಂದು ನಿನ್ನನ್ನು ಕೇಳುತ್ತಾರೆ. ನೀನು ಮತ್ತೆ ‘ತಪ್ಪು ನನ್ನದೇ’ ಎಂದರೆ, ಮುದುಕನಿಗೆ ಅರಳುಮರಳು ಎಂದು ನನ್ನನ್ನು ಮನೆಗೆ ಕಳಿಸುತ್ತಾರೆ, ನೀನು ಒಳಗೇ ಉಳಿಯುತ್ತೀಯ. ಇಷ್ಟು ವರ್ಷ ನಿನಗೆ ಅಪ್ಪಣೆ ಮಾಡಿದೆ, ಇವತ್ತು ಬೇಡಿಕೊಳ್ಳುತ್ತಿದ್ದೇನೆ: ಅಪ್ಪನ ಮೇಲೆ ದೂರು ಹೇಳು, ಮಗನೇ.